ಗಂಧಕದ ಕೈಯ ಚೌಡಕ್ಕ

ನಮ್ಮಕ್ಕ ಚೌಡಕ್ಕನ ಕೈ ಹಳದಿ. ಅರಿಸಿನದ ಹಳದಿಯಲ್ಲ, ಗಂಧಕದ ಹಳದಿ. ಉಗುರಿನ ಸಂದಿಯಲ್ಲಿ, ಬೆರಳಿನ ಗೆಣ್ಣಿನಲ್ಲಿ, ಅಂಗೈಯ ಗೆರೆಗಳಲ್ಲಿ ಅದು ಇಳಿದು ಕೂತಿತ್ತು. ಹೊಂಗೆ ಎಣ್ಣೆಯಲ್ಲಿ ಗಂಧಕ ಕುದಿಸಿದರೆ ಏಳುವ ವಾಸನೆಯನ್ನು ಮೂಸಿದವರೇ ಬಲ್ಲರು. ಅವಳು ಬೀದಿಯ ಆ ತುದಿಯಲ್ಲಿ ಕಂಡರೆ ಈ ತುದಿಯ ಜಗಲಿಯಲ್ಲಿ ಕೂತವರು ಮೂಗು ಮುಚ್ಚಿಕೊಂಡು, "ಚೌಡಕ್ಕ ಬಂದ್ಲು, ಏಳ್ರಪ್ಪೋ" ಅನ್ನುತ್ತಿದ್ದರು. ಅದು ಅವಳ ಕಿವಿಗೆ ಬಿದ್ದರೆ ಮುಗಿಯಿತು. "ನಿನ್ ಬಾಯಿ ವಾಸ್ನೆಗಿಂತ ವಾಸಿ ಕಣ್ಲಾ. ಇದು ತೊಳದ್ರೆ ಹೋಯ್ತದೆ" ಎಂದು ನಿಂತಲ್ಲೇ ಕೊಟ್ಟು ಮುಂದೆ ಹೋಗುತ್ತಿದ್ದಳು.

ಹೊಸೂರು ಸೀಮೆಯವರಾದ ನಮಗೆ ಮೂರು ಭಾಷೆ. ಚೌಡಕ್ಕ ಮೂರನ್ನೂ ಬೈಯುವುದಕ್ಕೇ ಕಲಿತಂತಿದ್ದಳು. ಮನೆಯವರಿಗೆ ಕನ್ನಡದಲ್ಲಿ ಬೈಗುಳ, ದನಕರುಗಳಿಗೆ ತೆಲುಗಿನಲ್ಲಿ, ಅಂಗಡಿಯವರಿಗೂ ಸರಕಾರದ ನೌಕರರಿಗೂ ತಮಿಳಿನಲ್ಲಿ. ಅವಳ ನಾಯಿಗೆ ಮೂರರಲ್ಲೂ. ಗಂಡನ ಮನೆಯಲ್ಲಿ ಅತ್ತೆ ಒಂದು ದಿನ ಉಣ್ಣುವ ತಟ್ಟೆಯನ್ನು ಕಾಲಿನಿಂದ ತಳ್ಳಿದಳಂತೆ. ಇವಳು ಆ ತಟ್ಟೆಯನ್ನೆತ್ತಿ ಬೀದಿಗೆ ಎಸೆದು, ಅದು ಉರುಳಿದ ದಿಕ್ಕಿಗೇ ನಡೆದು ನಮ್ಮ ಮನೆಗೆ ಬಂದಳು. ಮತ್ತೆ ಹೋಗಲಿಲ್ಲ. ನಮ್ಮಪ್ಪ ಆಗಲೇ ತೀರಿಹೋಗಿದ್ದ. ಮನೆಯಲ್ಲಿ ಅವ್ವ, ನಾನು, ಅಕ್ಕ, ಮೂರೇ ಜನ. ಉಳುವುದು ನನ್ನ ಪಾಲು. ಬೀಸುವುದು, ಹಿಟ್ಟು ತೊಳಸುವುದು, ಕೊಟ್ಟಿಗೆ ಬಾಚುವುದು ಎಲ್ಲ ಅವಳದು.

ಅವಳ ಕೋಪವನ್ನು ನೆನೆಸಿಕೊಂಡು ಈಗಲೂ ನಗುವವರು ನಮ್ಮೂರಿನಲ್ಲಿದ್ದಾರೆ. ನನಗೆ ನಗು ಬರುವುದಿಲ್ಲ. ನಾನು ಹೆಚ್ಚು ಓದಿದವನಲ್ಲ, ಊರ ಮಠದಲ್ಲಿ ಮಗ್ಗಿ ಪೂರಾ ಬಾಯಿಪಾಠವಾಗುವ ಮುಂಚೆಯೇ ನೇಗಿಲು ಹಿಡಿದೆ. ಇಷ್ಟು ವಯಸ್ಸಾದ ಮೇಲೆ ಕೂತು ಬರೆಯುತ್ತಿರುವುದು ಸಿಟ್ಟಿನಿಂದ. ಅವ್ವನ ಮೇಲೆ, ಊರಿನ ಮೇಲೆ, ಒಂದೊಂದು ಸಲ ಆ ಅಕ್ಕನ ಮೇಲೂ ಸಿಟ್ಟು ಬರುತ್ತದೆ. ಆದರೆ ಅವರೆಲ್ಲರನ್ನೂ ಬೈದು ಮುಗಿಸಿದ ಮೇಲೂ ಸಿಟ್ಟು ಹಾಗೇ ಉಳಿದಿರುತ್ತದೆ. ಅದು ನನ್ನ ಪಾಲಿನದು.

ನಾಯಿಯ ಹೆಸರು ದೊರೆ. ಹೊಸೂರಿನ ಬಂಗಲೆಯೊಂದರಲ್ಲಿ ಬೆಳ್ಳಗಿನ ಹೆಣ್ಣುನಾಯಿ ಮರಿ ಹಾಕಿತ್ತು. ಬೀದಿನಾಯಿಗೆ ಹುಟ್ಟಿದ ಮರಿ ಬಂಗಲೆಗೆ ಬೇಡವಾಗಿ, ಅಲ್ಲಿನ ಅಡುಗೆಯವನು ಗೋಣಿಚೀಲದಲ್ಲಿ ಹಾಕಿಕೊಂಡು ಕೆರೆಗೆ ಹೊರಟಿದ್ದನಂತೆ. ಸಂತೆಯಿಂದ ಬರುತ್ತಿದ್ದ ಚೌಡಕ್ಕ ದಾರಿಯಲ್ಲಿ ಅವನನ್ನು ಅಡ್ಡಹಾಕಿ, ತಮಿಳಿನಲ್ಲಿ ಅವನ ವಂಶವನ್ನೆಲ್ಲ ತೊಳೆದು, ಒಂದು ಮರಿಯನ್ನು ಮಡಿಲಿಗೆ ಹಾಕಿಕೊಂಡು ಬಂದಳು. ಬಿಳಿ ಮೈ, ಕಂದು ಕಣ್ಣು. ಬಿಳಿಯರ ಬಂಗಲೆಯಿಂದ ಬಂದದ್ದೆಂದು ಊರವರೇ ದೊರೆ ಎಂದು ಕರೆದರು.

ಯುದ್ಧ ನಡೆಯುತ್ತಿದ್ದ ಕಾಲ. ಬಟ್ಟೆಗೆ, ಸೀಮೆಎಣ್ಣೆಗೆ, ಎಲ್ಲದಕ್ಕೂ ಬಿಗಿ. ಒಂದು ಮಳೆಗಾಲ ದೊರೆಗೆ ಕಜ್ಜಿ ಹತ್ತಿತು. ಮೊದಲು ಕಿವಿಯ ಅಂಚು, ಆಮೇಲೆ ಮೊಣಕೈ, ಆಮೇಲೆ ಹೊಟ್ಟೆ. ಹಗಲೂ ರಾತ್ರಿ ಕೆರೆತ. ಕೂದಲು ಉದುರಿ ಒಳಗಿನ ಕೆಂಪು ಚರ್ಮ ಕಂಡಿತು. "ಈಗ ನೋಡ್ರಪ್ಪಾ, ನಿಜವಾದ ದೊರೆ ಆದ. ಥೇಟು ಬಿಸಿಲಲ್ಲಿ ಬೆಂದ ಬಿಳೀ ದೊರೆ!" ಎಂದು ಜಗಲಿಯವರು ನಕ್ಕರು. ಚೌಡಕ್ಕ ಬೇವಿನ ಸೊಪ್ಪು ಅರೆದು ಹಚ್ಚಿದಳು. ಸೀಗೆಕಾಯಿ ಹಾಕಿ ಮೀಯಿಸಿದಳು. ಯಾರೋ ಹೇಳಿದರೆಂದು ಹೊಗೆಸೊಪ್ಪಿನ ನೀರು ಹಾಕಿದಾಗ ನಾಯಿ ನೆಕ್ಕಿಕೊಂಡು ವಾಂತಿ ಮಾಡಿ ಸಾಯುವುದರಲ್ಲಿತ್ತು. ಹೇಳಿದವನ ಮನೆಬಾಗಿಲಿಗೆ ಹೋಗಿ, ಅವನ ಹೆಂಡತಿ ಕೈಮುಗಿಯುವತನಕ ಬೈದು ಬಂದಳು.

ಕೊನೆಗೆ ನಾಯಿಯ ಕೊರಳಿಗೆ ಹಗ್ಗ ಹಾಕಿಕೊಂಡು ಹೊಸೂರಿನ ದನದ ಆಸ್ಪತ್ರೆಗೆ ನಡೆದಳು. ನಾನೂ ಜೊತೆಗಿದ್ದೆ. ಗಾಡಿಯವನು ಕಜ್ಜಿ ನಾಯಿಯನ್ನು ಹತ್ತಿಸಲಿಲ್ಲ. ಅಲ್ಲಿನ ಕಂಪೌಂಡರು ಅರೆಗನ್ನಡದ ಮನುಷ್ಯ. ಎತ್ತು, ಕುದುರೆ ಬರುವ ಕಡೆ ಬೀದಿನಾಯಿಯನ್ನು ತಂದವಳನ್ನು ನೋಡಿ ಮೊದಲು ನಕ್ಕ.

"ಏನಮ್ಮಾ, ಇದು ಹಾಲು ಕರೀತದಾ?"

"ನೀನು ಕರೀತೀಯಾ ಸಾಮಿ? ಸರ್ಕಾರ ನಿನ್ನ ಸಾಕಿಲ್ವಾ?" ಎಂದಳು ಅಕ್ಕ.

ಅವನ ನಗು ನಿಂತಿತು. ಆದರೆ ಒಳ್ಳೆಯವನು, ನಾಯಿಯ ಕಿವಿ ಮಡಚಿ ನೋಡಿ ಹೇಳಿದ. ಇದು ಕಣ್ಣಿಗೆ ಕಾಣದ ಹುಳುವಿನಿಂದ ಬರುವ ಕಜ್ಜಿ. ಗಂಧಕವನ್ನು ಹೊಂಗೆ ಎಣ್ಣೆಯಲ್ಲಿ ಕುದಿಸಿ ಮೂಗಿನಿಂದ ಬಾಲದತನಕ ಒಂದಿಷ್ಟೂ ಬಿಡದಂತೆ ಹಚ್ಚಬೇಕು, ವಾಸಿಯಾದಂತೆ ಕಂಡರೂ ನಿಲ್ಲಿಸಬಾರದು. "ಅದಕ್ಕಿಂತ ಮುಖ್ಯ, ಅದು ಮಲಗೋ ಗೋಣಿ, ಬಟ್ಟೆ ಏನಿದ್ರೂ ಸುಟ್ಟುಬಿಡು. ಇಲ್ಲಾಂದ್ರೆ ಕುದಿಯೋ ನೀರಲ್ಲಿ ಹಾಕು. ಹುಳ ಅಲ್ಲಿ ಬಚ್ಚಿಟ್ಕೊಂಡು ಮತ್ತೆ ಹತ್ತುತ್ತೆ. ಮನುಷ್ಯರಿಗೂ ಕೆರೆತ ಬರುತ್ತೆ."

ಈ ಮಾತನ್ನು ಅಕ್ಕ ಕೇಳಿದಳು. ನಾನೂ ಕೇಳಿದೆ.

ಗಂಧಕ ಸಿಗುವುದು ಕಷ್ಟವಾಗಿತ್ತು. ಪೇಟೆಯ ಅಂಗಡಿಯವನು ತಮಾಷೆಗೆ, "ಗಂಧಗಮಾ? ಎದುಕ್ಕು? ಗುಂಡು ಪೋಡವಾ?" ಎಂದ. ಬಾಂಬು ಹಾಕುವುದಕ್ಕೋ ಎಂದು ಅವನ ಕೇಳಿಕೆ. "ಆಮಾ, ಮುದಲ್ ಗುಂಡು ಉನ್ ಕಡೈಕ್ಕುದಾನ್" ಎಂದಳು ಇವಳು. ಮೊದಲ ಗುಂಡು ನಿನ್ನ ಅಂಗಡಿಗೇ ಎಂಬ ಮಾತು ಕೇಳಿ ಸುತ್ತ ನಿಂತವರು ಗೊಳ್ಳೆಂದರು. ಅವನು ಕಟ್ಟಿಕೊಟ್ಟ. ಅಂದಿನಿಂದ ಅವಳ ಕೈ ಹಳದಿಯಾದದ್ದು.

ಚೌಡಕ್ಕ ನಾಯಿಯ ಗೋಣಿಯನ್ನು ಸುಟ್ಟಳು. ಅದು ಮಲಗುತ್ತಿದ್ದ ಮೂಲೆಯ ಮಣ್ಣು ಕೆತ್ತಿ ಹೊರಗೆಸೆದು ಸಗಣಿ ಬಳಿದಳು. ಎಣ್ಣೆ ಹಚ್ಚುವಾಗ ದೊರೆಯನ್ನು ಎರಡು ಮೊಣಕಾಲಿನ ನಡುವೆ ಸಿಕ್ಕಿಸಿಕೊಂಡು, "ನಿಂತ್ಕೊ ಮುಂಡೇದೆ, ನಿಮ್ಮಪ್ಪನ ಮನೆ ಗಂಟೇನ್ ಹೋಯ್ತದೆ?" ಎಂದು ಬೈಯುತ್ತಾ, ಬೆರಳ ಸಂದಿ, ಕಣ್ಣಿನ ಸುತ್ತ, ಬಾಲದ ಬುಡ ಎಲ್ಲ ಕಡೆ ತೀಡುತ್ತಿದ್ದಳು. ಕಜ್ಜಿ ಒಣಗಿತು. ಹೊಸ ಕೂದಲು ಮೊಳೆಯಿತು. ಅವಳು ಊರಿಗೆಲ್ಲ ಕೇಳುವಂತೆ, "ಈಗ ನಗ್ರೋ" ಎಂದಳು.

ಅಷ್ಟರಲ್ಲಿ ರಾಗಿ ತೆನೆಗೆ ಬಂತು, ಹಂದಿ ಕಾಯಲು ನಾನು ಹೊಲದ ಗುಡಿಸಲಿಗೆ ಹೋಗಬೇಕಾಯಿತು. ದೊರೆಯೂ ನನ್ನ ಜೊತೆ. ನಮ್ಮ ಕಡೆಯ ಚಳಿ ಗೊತ್ತಿದ್ದವರಿಗೆ ಗೊತ್ತು. ನನಗೆ ಹೊದೆಯಲು ಇದ್ದದ್ದು ಅಪ್ಪನ ಕರಿ ಕಂಬಳಿ ಒಂದೇ. ನಾಯಿ ನಡುಗುತ್ತಾ ಬಂದು ನನ್ನ ಕಾಲಿನ ಬಳಿ ನುಗ್ಗುತ್ತಿತ್ತು, ಬೆಳಗಾಗುವಾಗ ನನ್ನ ಎದೆಯ ಹತ್ತಿರ ಇರುತ್ತಿತ್ತು. ಮೊದಲು ಮನೆಯಲ್ಲಿ ಕಜ್ಜಿ ಜೋರಾಗಿದ್ದಾಗಲೂ ಅದು ರಾತ್ರಿ ಗೋಣಿ ಬಿಟ್ಟು ಬಂದು ಆ ಕಂಬಳಿಯಲ್ಲೇ ಮಲಗುತ್ತಿತ್ತು, ವಾಸಿಯಾದ ಮೇಲೂ ಅಲ್ಲೇ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಕಂಬಳಿಯ ವಿಷಯ ಹೇಳಲೇಬೇಕು. ನಮ್ಮಲ್ಲಿ ಕಂಬಳಿಗೆ ಮೈಲಿಗೆಯಿಲ್ಲ. ಸೂತಕದವರು ಮುಟ್ಟಲಿ, ಹೆರಿಗೆಯ ಕೋಣೆಗೆ ಹೋಗಿ ಬರಲಿ, ಅದನ್ನು ತೊಳೆಯುವಂತಿಲ್ಲ, ತೊಳೆಯಬೇಕಾಗಿಯೂ ಇಲ್ಲ. ಒಂದು ಸಲ ಕೊಡವಿದರೆ ಶುದ್ಧ. ಅಪ್ಪನ ಆ ಕಂಬಳಿಯ ಮೇಲೆ ಅಪ್ಪ ಅವ್ವ ಮದುವೆಯಲ್ಲಿ ಕೂತಿದ್ದರು. ಮನೆಯ ಮದುವೆಗಳಲ್ಲಿ ಅದನ್ನೇ ಮಡಚಿ ಗದ್ದಿಗೆ ಹಾಕಿ, ಮೇಲೆ ಅಕ್ಕಿ ಹರಡಿ ಹೆಣ್ಣು ಗಂಡನ್ನು ಕೂರಿಸುವುದು. ಕುದಿನೀರಿಗೆ ಹಾಕಿದರೆ ಉಣ್ಣೆ ಮುದುಡಿ ಗಂಟಾಗಿ ಗೋಣಿತಾಟಿಗೂ ಬಾರದಂತಾಗುತ್ತದೆ. ನನ್ನ ಮದುವೆಯ ಮಾತು ಆಗಲೇ ನಡೆದಿತ್ತು. ನಾಯಿ ಅದರಲ್ಲಿ ಮಲಗುತ್ತದೆ ಎಂದರೆ ಅಕ್ಕ ಅವತ್ತೇ ಹಂಡೆಗೆ ಬೆಂಕಿ ಹಾಕುತ್ತಾಳೆಂದು ನನಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಕಂಬಳಿಯಲ್ಲಿ ಅಂಥದ್ದೇನೂ ಇರಲಾರದು ಎಂದು ನಂಬಿದ್ದೆ. ಕಂಪೌಂಡರು ಹೇಳಿದ್ದು ಗೋಣಿ, ಬಟ್ಟೆ. ಕಂಬಳಿ ಬಟ್ಟೆಯೇ?

ದೊರೆಗೆ ಮತ್ತೆ ಕಜ್ಜಿ ಹತ್ತಿತು. ಚೌಡಕ್ಕ ಮತ್ತೆ ಗಂಧಕ ಕುದಿಸಿದಳು. ವಾಸಿಯಾಯಿತು, ಮತ್ತೆ ಬಂತು. ಅವಳು ತನ್ನ ಕೆಲಸದಲ್ಲೇ ತಪ್ಪು ಹುಡುಕುತ್ತಿದ್ದಳು. ಎಣ್ಣೆ ಸರಿಯಾಗಿ ಕುದಿಯಲಿಲ್ಲವೋ, ಎಲ್ಲಿ ಬೆರಳು ತಪ್ಪಿತೋ ಎಂದು ನಾಯಿಯ ಮೈಯನ್ನು ಬಿಸಿಲಲ್ಲಿ ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. "ಎಲ್ಲಪ್ಪಾ, ಗುಡ್ಲಲ್ಲಿ ಇವ್ನು ಎಲ್ಲಿ ಮಲಗ್ತಾನ್ಲಾ?" ಎಂದು ನನ್ನ ಹೆಸರು ಹಿಡಿದು ಕೇಳಿದಳು. "ಹುಲ್ಲಿನ ಮೇಲೆ" ಎಂದೆ. ಅವಳು ಹೊಲಕ್ಕೆ ಹೋಗಿ ಗುಡಿಸಲಿನ ಹುಲ್ಲನ್ನೆಲ್ಲ ಸುಟ್ಟು ಹೊಸ ಹುಲ್ಲು ಹೊತ್ತು ತಂದು ಹಾಸಿದಳು. ಆ ಹೊರೆ ಇಳಿಸಲು ನಾನೇ ಕೈಕೊಟ್ಟೆ. ಎಂಥ ಮನುಷ್ಯ ನಾನು!

ಒಕ್ಕಣೆ ಮುಗಿಯುವ ಹೊತ್ತಿಗೆ ಮನೆಯಲ್ಲೂ ಕೆರೆತ ಶುರುವಾಯಿತು. ಹಗಲಲ್ಲಿ ಅವ್ವ ಅದೇ ಕಂಬಳಿ ಹೊದ್ದು ಜಗಲಿಯಲ್ಲಿ ಒರಗುತ್ತಿದ್ದಳು. ಮದುವೆಯ ಮಾತಿಗೆ ಬಂದು ಉಳಿದುಕೊಂಡ ಸೋದರಮಾವನಿಗೂ ಅದನ್ನೇ ಹಾಸಿಕೊಟ್ಟಿದ್ದೆವು. ಅವ್ವನ ಸೊಂಟದ ಸುತ್ತ ಗುಳ್ಳೆ, ಮಾವನ ತೊಡೆಯಲ್ಲಿ ಗುಳ್ಳೆ, ನನ್ನ ಎದೆಯ ಮೇಲೆ ಗುಳ್ಳೆ. ಅವ್ವ ದೇವರ ಕೊಳಕ್ಕೆ ಉಪ್ಪು ಮೆಣಸು ಹಾಕಿ ಬಂದಳು. ಚೌಡಕ್ಕನ ಮೈಯಲ್ಲಿ ಒಂದು ಗುಳ್ಳೆಯೂ ಇರಲಿಲ್ಲ. ಮೊಣಕೈತನಕ ಗಂಧಕದಲ್ಲಿ ಅದ್ದಿದವಳಿಗೆ ಎಲ್ಲಿಂದ ಬರಬೇಕು? ಅದನ್ನು ಯಾರೂ ಯೋಚಿಸಲಿಲ್ಲ. ನಾಯಿ ಮುಟ್ಟುವ ಕೈ, ಹಿಟ್ಟು ತೊಳಸುವ ಕೈ, ಎರಡೂ ಒಂದೇ ಎಂದು ಅವ್ವ ಅಕ್ಕನನ್ನು ಒಲೆಯ ಹತ್ತಿರ ಸೇರಿಸುವುದು ಬಿಟ್ಟಳು. ಅವಳ ಊಟ ಕೊಟ್ಟಿಗೆಗೆ ಹೋಗತೊಡಗಿತು.

ತೊರಪಲ್ಲಿ ಅಗ್ರಹಾರದ ಆಚೆಯ ಊರಿನಿಂದ ಹೆಣ್ಣಿನ ಕಡೆಯವರು ನಮ್ಮ ಮನೆ ನೋಡಲು ಬಂದರು. ಮಾವ ದೊಡ್ಡದಾಗಿ ಮಾತಾಡುತ್ತಾ ದೊಡ್ಡದಾಗಿಯೇ ಕೆರೆದುಕೊಳ್ಳುತ್ತಿದ್ದ. ಹೆಣ್ಣಿನ ದೊಡ್ಡಪ್ಪ ಎಲೆಯಡಿಕೆ ತಟ್ಟೆಯನ್ನು ಮುಟ್ಟದೆ ಕೇಳಿದ, "ಏನ್ ಗೌಡ್ರೇ, ಮನೇಲಿ ಕಜ್ಜಿ ಐತಾ?"

"ಏ, ಅಂಥದ್ದೇನಿಲ್ಲ. ನಮ್ ಹುಡುಗಿ ಒಬ್ಳು ನಾಯಿ ಕಟ್ಕೊಂಡು ಸಾಯ್ತಾಳೆ, ಅವಳ ಕೈಯಿಂದ ಬಂದಿದ್ದು. ಅವಳು ಇಲ್ಲಿ ಇರಾಕಿಲ್ಲ ಬುಡಿ" ಎಂದುಬಿಟ್ಟ ಮಾವ.

ಅವರು ತಟ್ಟೆ ಮುಟ್ಟಿದರು.

ಬಂದವರು ಹೋದ ಮೇಲೆ, ಇನ್ನೂ ಬೆಳಕಿರುವಾಗಲೇ, ಮಾವ ಅಕ್ಕನನ್ನು ಕರೆದ. "ಚೌಡೀ, ಮದುವೆ ಮುಗಿಯೋಗಂಟ ಆ ನಾಯಿ ಕರ್ಕೊಂಡು ಎಲ್ಲಾದ್ರೂ ಇದ್ಬುಡು."

"ಎಲ್ಲಾದ್ರೂ ಅಂದ್ರೆ ಎಲ್ಲಿ ಮಾವ? ನಿನ್ ಮನೇಲಾ?"

"ನಮ್ಮನೇಲಿ ಮಕ್ಕಳವೆ ಕಣವ್ವಾ."

"ಇಲ್ಲಿರೋರೇನು ಒರಳುಕಲ್ಲಾ? ನನ್ ಕೈಲಿ ಕಜ್ಜಿ ಇದ್ರೆ ಮೊದ್ಲು ನಂಗೇ ಬರ್ಬೇಕು. ನೋಡ್ರಿ, ಎಲ್ಲೈತೆ?" ಎಂದು ಎರಡೂ ಕೈಗಳನ್ನು ಮುಂದೆ ಚಾಚಿದಳು. ಯಾರೂ ನೋಡಲಿಲ್ಲ.

"ನಿನ್ ಬಾಯಿಗೆ ಹೆದರಿ ಇಷ್ಟು ದಿನ ಸುಮ್ಕಿದ್ದೆ" ಎಂದಳು ಅವ್ವ. "ನೀನಂತೂ ಬಾಳ್ನಿಲ್ಲ. ಅವನ ಬಾಳಿಗೂ ಕಲ್ಲು ಹಾಕ್ಬೇಡ."

ಚೌಡಕ್ಕ ಸರಕ್ಕನೆ ತಿರುಗಿ, ಗೂಟಕ್ಕೆ ಹಾಕಿದ್ದ ಕಂಬಳಿಯನ್ನು ಎಳೆದು ಮೂಸಿದಳು. ಅವಳು ಆ ಕಂಬಳಿಯನ್ನು ಮುಟ್ಟಿ ಎಷ್ಟೋ ತಿಂಗಳಾಗಿತ್ತು. ಅದನ್ನು ನಮ್ಮೆಲ್ಲರ ನಡುವೆ ಎಸೆದಳು.

"ಮೂಸ್ರಿ ಇದನ್ನ. ಇದಕ್ಕೆಲ್ಲಿಂದ ಬಂತು ಗಂಧಕ?"

"ಥೂ ಪಾಪಿ, ಗದ್ದಿಗೆ ಕಂಬ್ಳೀನ ನೆಲಕ್ಕೆ ಎಸೀತೀಯಾ? ಕಂಬ್ಳಿಗೆ ಮೈಲ್ಗೆ ಐತೇನೇ?" ಎಂದು ಅವ್ವ ಅದನ್ನು ಬಾಚಿಕೊಂಡು ಕಣ್ಣಿಗೊತ್ತಿಕೊಂಡಳು.

ಅಕ್ಕ ಅವ್ವನ ಕಡೆ ನೋಡಲಿಲ್ಲ. ನನ್ನ ಕಡೆ ನೋಡಿದಳು. ದನಿ ಇಳಿದಿತ್ತು. "ಎಲ್ಲಪ್ಪಾ, ಹೇಳ್ಲಾ. ದೊರೆ ಎಲ್ಲಿ ಮಲಗ್ತಾನೆ?"

ಎಲ್ಲರೂ ನನ್ನ ಬಾಯಿ ನೋಡಿದರು. ನಾನು ಕಂಬಳಿಯಲ್ಲಿ ಅಂದಿದ್ದರೆ ಏನಾಗುತ್ತಿತ್ತು? ಕಂಬಳಿ ಹಂಡೆಗೆ ಹೋಗುತ್ತಿತ್ತು. ಗದ್ದಿಗೆಗೆ ಬೇರೆ ಕಂಬಳಿ ಕೇಳಿ ತರಬೇಕಾಗುತ್ತಿತ್ತು. ಹೆಣ್ಣಿನ ಕಡೆಯವರಿಗೆ, ಕಜ್ಜಿ ಮದುಮಗನ ಹಾಸಿಗೆಯಿಂದ ಬಂದದ್ದೆಂದು ತಿಳಿಯುತ್ತಿತ್ತು. ಮದುವೆ ನಿಂತರೂ ನಿಲ್ಲುತ್ತಿತ್ತು. ಇಷ್ಟೇ. ಇಷ್ಟಕ್ಕಾಗಿ ನಾನು, "ಹುಲ್ಲಿನ ಮೇಲೆ ಅಂದ್ನಲ್ಲಕ್ಕ" ಎಂದೆ.

ಅವಳು ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಮೂರು ಭಾಷೆ ಬಲ್ಲ ನಮ್ಮಕ್ಕನಿಗೆ ಅವತ್ತು ಒಂದರಲ್ಲೂ ಮಾತು ಹೊರಡಲಿಲ್ಲ. ಎರಡು ಸೀರೆ ಗಂಟು ಕಟ್ಟಿದಳು, ಎಣ್ಣೆಯ ಕುಡಿಕೆ ಎತ್ತಿಕೊಂಡಳು, ದೊರೆಯನ್ನು ಕರೆದಳು. ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಿದ್ದಳು. ಗಂಟನ್ನು ಸರಿಮಾಡಿಕೊಳ್ಳುತ್ತಿದ್ದಾಳೆ ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ನನಗೆ ಅನುಕೂಲವಾಗಿತ್ತು.

ಆ ವಾರದಲ್ಲೇ ಮದುವೆಯಾಯಿತು. ಕಂಬಳಿಯ ಗದ್ದಿಗೆಯ ಮೇಲೆ ಕೂತು ನಾನು ತೊಡೆ ಕೆರೆದುಕೊಳ್ಳಲೂ ಆಗದೆ ಹಲ್ಲು ಕಚ್ಚಿಕೊಂಡಿದ್ದೆ. ಪಕ್ಕದಲ್ಲಿ ಕೂತ ಹುಡುಗಿಗೆ ಕೆಲವೇ ದಿನದಲ್ಲಿ ಗುಳ್ಳೆ ಎದ್ದವು. ಮನೆಯಲ್ಲಿ ಆಗ ಚೌಡಕ್ಕನೂ ಇರಲಿಲ್ಲ, ದೊರೆಯೂ ಇರಲಿಲ್ಲ. ಇನ್ನು ಯಾರ ಕೈಯೆಂದು ಹೇಳುವುದು? ಅವ್ವ ಏನೂ ಅನ್ನದೆ ಒಂದು ಮಧ್ಯಾಹ್ನ ಹಿತ್ತಲಿನಲ್ಲಿ ಕಂಬಳಿಗೆ ಬೆಂಕಿ ಕೊಟ್ಟಳು. ಉಣ್ಣೆ ಸುಟ್ಟ ವಾಸನೆ ಊರಿಗೆಲ್ಲ ಬಂತು. ಯಾರೂ ಏನೆಂದು ಕೇಳಲಿಲ್ಲ. ಕೆರೆತ ನಿಂತಿತು. ಇಷ್ಟಾದ ಮೇಲೂ ಅಕ್ಕನನ್ನು ಕರೆತರೋಣ ಎಂದು ಅವ್ವನ ಬಾಯಿಂದಲೂ ಬರಲಿಲ್ಲ, ನನ್ನ ಬಾಯಿಂದಲೂ ಬರಲಿಲ್ಲ. ನನ್ನ ಹೆಂಡತಿಗೆ ನನಗೊಬ್ಬ ಅಕ್ಕ ಇದ್ದಾಳೆಂಬುದೇ ಸರಿಯಾಗಿ ತಿಳಿದಿರಲಿಲ್ಲ.

ಅವಳು ತಳಿ ಎಂಬ ಊರಿನ ಕಡೆ ಒಂದು ಹೂವಿನ ತೋಟದಲ್ಲಿ ಕೂಲಿಗಿದ್ದಾಳೆಂದು ಸಂತೆಯಲ್ಲಿ ತಿಳಿಯಿತು. ವರ್ಷ ಒಂದಾದ ಮೇಲೆ, ಎತ್ತು ನೋಡಲು ಹೋಗುತ್ತೇನೆಂದು ಮನೆಯಲ್ಲಿ ಸುಳ್ಳು ಹೇಳಿ ಹೋದೆ. ತೋಟದ ಬೇಲಿ ದಾಟುವ ಮುಂಚೆಯೇ ಬಿಳಿ ನಾಯಿಯೊಂದು ಬೊಗಳುತ್ತಾ ನುಗ್ಗಿ ಬಂತು. ಹತ್ತಿರ ಬಂದದ್ದೇ ಬೊಗಳುವುದನ್ನು ಬಿಟ್ಟು, ನನ್ನ ಎದೆಯ ಮೇಲೆ ಕಾಲಿಟ್ಟು ಮುಖವೆಲ್ಲ ನೆಕ್ಕಿತು. ದೊರೆ! ಮೈತುಂಬ ಕೂದಲು, ಕಿವಿಯ ಅಂಚಿನಲ್ಲಿ ಒಂದು ಗಾಯವಿಲ್ಲ.

"ಬಾರ್ಲಾ ಇಲ್ಲಿ, ಮಾನಗೆಟ್ಟೋನೇ" ಎಂದು ಸಾಲಿನ ನಡುವಿಂದ ದನಿ ಬಂತು. ನಾಯಿಗೆ ಹೇಳಿದ್ದು. ಮಡಿಲ ತುಂಬ ಹೂ ಬಿಡಿಸಿಕೊಂಡು ಚೌಡಕ್ಕ ನಿಂತಿದ್ದಳು. ಬಡಕಲಾಗಿದ್ದಳು. ಕೂರು ಅನ್ನಲಿಲ್ಲ, ನೀರು ಬೇಕಾ ಅನ್ನಲಿಲ್ಲ. ನಮ್ಮ ಕಡೆ ಹಗೆಗೂ ನೀರು ಕೇಳುತ್ತಾರೆ.

"ಅಕ್ಕ, ತಪ್ಪಾಯ್ತು. ಅವನು ಕಂಬ್ಳೀಲೇ ಮಲಗ್ತಿದ್ದ" ಎಂದೆ.

"ನಂಗ್ಯಾಕೆ ಹೇಳ್ತೀಯ? ನಂಗೊತ್ತಿಲ್ವಾ?"

"ಮನೆಗೆ ಬಾ."

"ಯಾರು ಕರ್ಕೊಂಡು ಬಾ ಅಂದ್ರು? ಅವ್ವನಾ? ನಿನ್ ಹೆಂಡ್ತಿನಾ?"

ನಾನು ತಲೆ ತಗ್ಗಿಸಿದೆ. "ನಾನು ಬಂದಿರೋದು ಅವ್ರಿಗೆ ಗೊತ್ತಿಲ್ಲ."

ಚೌಡಕ್ಕ ನಕ್ಕಳು. ಅದಕ್ಕಿಂತ ಕೆಟ್ಟ ನಗುವನ್ನು ನಾನು ನೋಡಿಲ್ಲ. "ಹಂಗಾದ್ರೆ ನೀನು ಬಂದೇ ಇಲ್ಲ ಕಣ್ಲಾ. ನನ್ನನ್ನ ಬಾಗ್ಲಲ್ಲಿ ನಿಲ್ಸಿ ನೀವೆಲ್ಲ ಕೂತಿದ್ರಲ್ಲ, ಅಲ್ಲಿ ಹೋಗಿ ಹೇಳು ಆ ಮಾತ. ಅವ್ವನ್ ಮುಂದೆ, ಮಾವನ್ ಮುಂದೆ, ನಿನ್ನ ಕಟ್ಕೊಂಡೋಳ ಮುಂದೆ. ಹೇಳಿ ಆಮ್ಯಾಕೆ ಬಾ, ಆಗ ನೋಡಾನ" ಎಂದು ತಿರುಗಿ ಹೂ ಬಿಡಿಸತೊಡಗಿದಳು. ದೊರೆ ಬೇಲಿಯತನಕ ನನ್ನನ್ನು ಕಳಿಸಲು ಬಂದ. ಅವಳು ಕರೆದ ಮೇಲೆ ಓಡಿಹೋದ.

ದಾರಿಯುದ್ದಕ್ಕೂ ಅವಳ ಮೇಲೆ ಉರಿದುಕೊಂಡೆ. ಇಷ್ಟು ದೂರ ನಡೆದು ಬಂದವನಿಗೆ ಒಂದು ಚೊಂಬು ನೀರು ಕೊಡದವಳು ಎಂಥ ಅಕ್ಕ ಎಂದುಕೊಂಡೆ. ಮನೆಗೆ ಬಂದೆ. ಎತ್ತು ಸಿಕ್ತಾ ಎಂದು ಅವ್ವ ಕೇಳಿದಳು. ಸರಿಯಿರಲಿಲ್ಲ ಎಂದೆ. ನಾಳೆ ಹೇಳಿದರಾಯಿತು, ಬೇಸಾಯ ಮುಗಿಯಲಿ, ಹೆಂಡತಿಯ ಹೆರಿಗೆಯಾಗಲಿ ಎಂದು ಮುಂದೂಡುತ್ತಾ ಹೋದೆ.

ಮುಂದಿನ ಮಳೆಗಾಲದಲ್ಲಿ ತಳಿಯಿಂದ ಒಬ್ಬ ಬಂದು, ಚೌಡಮ್ಮ ಜ್ವರದಲ್ಲಿ ಹೋಗಿಬಿಟ್ಟಳು, ಮಳೆ ಜೋರಿದ್ದದ್ದರಿಂದ ಕಾಯದೆ ಮಣ್ಣು ಮಾಡಿದೆವು ಎಂದ. ನಾಯಿ ಏನಾಯಿತು ಎಂದು ಕೇಳಿದೆ. ತೋಟದ ಯಜಮಾನರು ಬಿಡುವುದಿಲ್ಲ, ಒಳ್ಳೆ ಕಾವಲು ನಾಯಿ ಎಂದ.

ಅವ್ವ ಅಂಗಳದಲ್ಲಿ ಕೂತು ರಾಗವಾಗಿ ಹೇಳಿಕೊಂಡು ಅಳತೊಡಗಿದಳು. ನೆರೆಯ ಹೆಂಗಸರು ಸುತ್ತ ಸೇರಿದರು. ಮಾವನೂ ಬಂದ. ನನ್ನ ಹೆಂಡತಿ ಕೂಸನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. "ಹೇಳ್ದೆ ಕೇಳ್ದೆ ಹೋದ್ಯಲ್ಲೇ ನನ್ ಮಗಳೇ, ಯಾರ ಮೇಲೆ ಮುನಿಸ್ಕೊಂಡು ಹೋದ್ಯೇ, ತಾಯಿ ಬಾಗ್ಲು ನಿಂಗೆ ಬೇಡವಾಯ್ತೇನೇ" ಎಂದು ಅವ್ವ ಎದೆ ಬಡಿದುಕೊಂಡಳು. ಹೆಂಗಸರು ತಲೆಯಾಡಿಸಿ ಮೂಗು ಒರೆಸಿಕೊಂಡರು.

ಬೇಡವಾಯ್ತೇನೇ ಎಂಬ ಮಾತು ಕೇಳಿ ನನ್ನ ತಲೆ ಸಿಡಿಯಿತು. ಎಲ್ಲರ ನಡುವೆ ಹೋಗಿ ನಿಂತು ಕೂಗಿದೆ. "ಸಾಕು ನಿಲ್ಸವ್ವಾ! ಅವಳ ಕೈಯಿಂದ ಬಂದಿದ್ದಲ್ಲ ಆ ಕಜ್ಜಿ. ನಾಯಿ ನನ್ ಕಂಬ್ಳೀಲಿ ಮಲಗ್ತಿತ್ತು, ನನ್ ಜೊತೇಲಿ. ನಾನು ಸುಳ್ಳು ಹೇಳ್ದೆ."

ಮಾವ ಬೇರೆ ಕಡೆ ನೋಡಿದ. ಅವ್ವ ಅಳು ನಿಲ್ಲಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ನನ್ನೊಬ್ಬನಿಗೆ ಕೇಳುವಷ್ಟು ಮೆಲ್ಲಗೆ ಹೇಳಿದಳು.

"ಅವತ್ತು ಕಂಬ್ಳೀನ ಕಣ್ಣಿಗೊತ್ಕೊಂಡಾಗ್ಲೇ ಗೊತ್ತಾಯ್ತು ಕಣ್ಲಾ, ನಂಗೇನು ಮೂಗಿಲ್ವಾ? ಮದುವೆ ನಿಂತೋಗ್ತಿತ್ತು. ಸುಮ್ಕಿರು, ಜನ ಅವ್ರೆ."

ಆಮೇಲೆ ಸೆರಗು ಸರಿಮಾಡಿಕೊಂಡು, ಎರಡು ಕೈಯನ್ನೂ ಎದೆಗೆ ತಂದು, ಬಿಟ್ಟ ಜಾಗದಿಂದಲೇ ಅಳು ಎತ್ತಿಕೊಂಡಳು.